ಖಡಕ್ ರೊಟ್ಟಿಯ ಹರಕೆ

ನಮ್ಮ ಓನರ್ ಮುನಿಗಂಗಮ್ಮನವರಿಗೆ ಬಾಡಿಗೆಯವರು ಗೋಡೆಗೆ ಮೊಳೆ ಹೊಡೆದರೆ ಆಗುವುದಿಲ್ಲ. ಗೋಡೆಯ ಬಗ್ಗೆ ಮಾತಾಡಿದರೂ ಆಗುವುದಿಲ್ಲ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ಮನೆ ಎದ್ದಿರುವುದು. ಕೆಳಗೆ ನಾವು, ಮೇಲೆ ಅವರು ಮತ್ತು ಅವರ ಮೊಮ್ಮಗ. ಮನೆ ಕಟ್ಟುವಾಗ ಒಂದೊಂದು ಇಟ್ಟಿಗೆಗೂ ತಾವೇ ನಿಂತು ನೀರು ಹಾಕಿದ್ದಾಗಿ ಹೇಳುತ್ತಾರೆ. ಗೋಡೆಗೆ ನೀರು ಹಾಕುವ ಆ ಚಟ ಅವರಿಗೆ ಇನ್ನೂ ಹೋಗಿಲ್ಲ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಹೋದ ತಿಂಗಳು ಮೊಮ್ಮಗನಿಗೆ ಹೆಣ್ಣು ಒಪ್ಪಿಗೆಯಾಯಿತು. ಹುಡುಗಿಯ ಕಡೆಯವರು ಮನೆ ನೋಡುವ ಶಾಸ್ತ್ರಕ್ಕೆ ಭಾನುವಾರ ಬರುವವರಿದ್ದರು. ಶಾಸ್ತ್ರ ಅನ್ನುವುದು ಹೆಸರಿಗೆ. ಬಂದವರು ಅಡುಗೆಮನೆಯ ಸಿಂಕಿನಿಂದ ಹಿಡಿದು ತಾರಸಿಯ ಟ್ಯಾಂಕಿನವರೆಗೆ ಎಲ್ಲವನ್ನೂ ಕಣ್ಣಲ್ಲೇ ಅಳೆದುಕೊಂಡು ಹೋಗುತ್ತಾರೆ. ಅದಕ್ಕೆಂದೇ ಮುನಿಗಂಗಮ್ಮ ಮೇಲಿನ ಬಚ್ಚಲಿಗೆ ಹೊಸ ನಲ್ಲಿ ಹಾಕಿಸಿದರು. ನಲ್ಲಿ ಹಾಕಿದವನು ಊಟಕ್ಕೆ ಹೋದ, ಇವರು ಸೀರೆ ತರಲು ಶಿವಾಜಿನಗರಕ್ಕೆ ಹೋದರು, ಪೈಪಿನ ಜಾಯಿಂಟು ತನ್ನ ದಾರಿ ತಾನು ನೋಡಿಕೊಂಡಿತು. ಸಂಜೆ ನಾನು ಆಫೀಸಿನಿಂದ ಬಂದು ಬಾಗಿಲು ತೆಗೆದರೆ ನಮ್ಮ ಹಾಲ್‌ನಲ್ಲಿ ಮಗಳ ಚಪ್ಪಲಿ ತೇಲುತ್ತಿತ್ತು.

ನನ್ನ ಹೆಸರು ವಿಮಲಾಕ್ಷಿ, ಬಾಗಲಕೋಟೆ ಕಡೆಯವಳು. ಗಂಡ ಕೇದಾರ್ ಗದಗಿನವನು, ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಮಗಳು ರಶ್ಮಿ ಒಂದನೇ ಕ್ಲಾಸು. ರಶ್ಮಿಗೆ ಉಬ್ಬಸ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುನಿಗಂಗಮ್ಮನವರಿಗೆ ಹೇಳಿರಲಿಲ್ಲ.

ಮೊದಲು ನಾವಿದ್ದದ್ದು ಸರ್ವಜ್ಞನಗರದಲ್ಲಿ. ಅಲ್ಲಿ ಬೀರುವಿನ ಹಿಂದೆ ಗೋಡೆ ಒದ್ದೆಯಾಗಿ, ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಕಪ್ಪು ಬೂಷ್ಟು ಹಬ್ಬಿಬಿಟ್ಟಿತ್ತು. ಮಗು ಆಸ್ಪತ್ರೆಯ ಮಂಚದ ಮೇಲೆ ಮುಖಕ್ಕೆ ಮಾಸ್ಕು ಹಾಕಿಸಿಕೊಂಡು, ಪಕ್ಕೆಲುಬು ಕಾಣುವ ಹಾಗೆ ಉಸಿರು ಎಳೆಯುತ್ತಿದ್ದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬೂಷ್ಟು ಇರುವ ಮನೆಯಲ್ಲಿ ಇವಳನ್ನು ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಬೇರೆ ಮನೆ ಹುಡುಕಲು ಹೊರಟ ನಾನು ದೊಡ್ಡ ಸತ್ಯವಂತೆಯ ಹಾಗೆ ಎಲ್ಲರಿಗೂ ವಿಷಯ ತಿಳಿಸಿದೆ. ಹೊಸ ತಿಪ್ಪಸಂದ್ರದಲ್ಲಿ ಒಬ್ಬಾಕೆ, "ಕಾಯಿಲೆ ಮಗು ಬೇಡಮ್ಮ, ನಮ್ಮನೇಲೂ ಚಿಕ್ಕವ್ರಿದಾರೆ" ಅಂದರು, ಉಬ್ಬಸ ಅಂಟುರೋಗವೇನೋ ಅನ್ನುವಂತೆ. ಇನ್ನೊಬ್ಬರು ನಗುನಗುತ್ತಾ ಕಾಫಿ ಕೊಟ್ಟು, ಮಾರನೆಯ ದಿನದಿಂದ ಫೋನೇ ಎತ್ತಲಿಲ್ಲ. ಕಗ್ಗದಾಸಪುರಕ್ಕೆ ಬರುವಷ್ಟರಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಗಾಳಿ ಬೆಳಕು ಚೆನ್ನಾಗಿದ್ದ ಈ ಮನೆಯಲ್ಲಿ ಮಗಳು ಒಂದು ಸಲವೂ ಕೆಮ್ಮಿರಲಿಲ್ಲ. ಈಗ ಇದರ ಹಾಲ್‌ನ ಗೋಡೆಯೂ ಮೊಳಕಾಲೆತ್ತರಕ್ಕೆ ನೀರು ಕುಡಿದು ನಿಂತಿತ್ತು.

ಕೇದಾರನೂ ನಾನೂ ನೀರು ತೋಡಿ ಹಾಕಿ, ನೆಲ ಒರೆಸಿ, ನೆನೆದ ರಟ್ಟಿನ ಡಬ್ಬಗಳನ್ನೂ ಹಾಸಿಗೆಯನ್ನೂ ಹೊರಗೆ ಹಾಕಿದೆವು. ಸೋಫಾ, ಬೀರು ಎಲ್ಲವನ್ನೂ ಗೋಡೆಯಿಂದ ದೂರ ಎಳೆದೆವು. ಕಿಟಕಿಗಳೆಲ್ಲ ತೆರೆದವು, ಫ್ಯಾನು ತಿರುಗತೊಡಗಿತು. ಕೇದಾರ್ ಫೋನಿನಲ್ಲಿ ಓದಿ ಓದಿ ನನ್ನನ್ನು ಇನ್ನಷ್ಟು ಹೆದರಿಸಿದ. "ಒಂದೆರಡು ದಿನದಾಗ ಒಣಗಲಿಕ್ಕ ಹತ್ತಬೇಕಂತ. ಇಲ್ಲಂದ್ರ ಬೂಷ್ಟು ಬಂದ್ಹಂಗ ಅಂತ."

ಅಷ್ಟರಲ್ಲಿ ಮುನಿಗಂಗಮ್ಮ ಇಳಿದು ಬಂದರು. ನೀರಿನ ಕಲೆ ನೋಡಿ ಅವರ ಮುಖ ಸಣ್ಣದಾಯಿತು. ಆದರೆ ಸಣ್ಣದಾದ ಮುಖ ಬಹಳ ಹೊತ್ತು ಹಾಗೇ ಇರುವ ಜಾತಿಯದಲ್ಲ. "ನಾಳೇನೇ ಪೇಂಟ್ ಹೊಡಸ್ಬುಡ್ತೀನಿ ಬಿಡಮ್ಮ. ಭಾನ್ವಾರಕ್ಕೆ ಫಳಫಳ ಅನ್ಬೇಕು" ಅಂದರು.

"ಒಣಗೋಕ್ ಮುಂಚೆ ಪೇಂಟ್ ಬೇಡ ಅಜ್ಜಿ. ನೀರು ಒಳಗೇ ಉಳ್ಕೊಂಡು ಬೂಷ್ಟು ಬಂದ್ಬಿಡುತ್ತೆ."

"ನಮ್ ಗೋಡೆಗೆ ಬೂಷ್ಟಾ? ನಿಮ್ ಉಪ್ಪಿನ್ಕಾಯ್ ಜಾಡಿಗೆ ಬರ್ಬೇಕು ಬೂಷ್ಟು" ಅಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ನನ್ನ ಉಪ್ಪಿನಕಾಯಿಗೆ ಇವತ್ತಿನವರೆಗೆ ಬೂಷ್ಟು ಬಂದಿಲ್ಲ. ಆದರೆ ಮಗಳ ವಿಷಯ ಹೇಳದೆ ವಾದ ಮಾಡುವುದಕ್ಕೆ ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಒಂದು ವಿಚಿತ್ರವಾಯಿತು. ನಮ್ಮವ್ವ ಊರಿಂದ ಬಸ್ಸಿನಲ್ಲಿ ಕಳಿಸುವ ಖಡಕ್ ಜೋಳದ ರೊಟ್ಟಿಯ ಕಟ್ಟನ್ನು ಹಿಂದಿನ ದಿನದ ಗಡಿಬಿಡಿಯಲ್ಲಿ ಆ ಗೋಡೆಗೆ ತಾಗಿಸಿ ಇಟ್ಟುಬಿಟ್ಟಿದ್ದೆ. ಖಡಕ್ ರೊಟ್ಟಿ ಅಂದರೆ ಹಪ್ಪಳದಷ್ಟು ಗರಿಗರಿ, ಮುರಿದರೆ ಪಕ್ಕದ ಮನೆಗೆ ಕೇಳಬೇಕು. ಬಿಚ್ಚಿ ನೋಡಿದರೆ ಗೋಡೆಯ ಕಡೆಗಿದ್ದ ರೊಟ್ಟಿ ಚಪಾತಿಯ ಹಾಗೆ ಮಡಚಿಕೊಂಡಿತು. ಎದುರು ಗೋಡೆಯ ಹತ್ತಿರ ಒಂದನ್ನು ಇಟ್ಟು ನೋಡಿದೆ. ತಿಂಡಿ ಮುಗಿಸಿ ಬಂದು ಮುಟ್ಟಿದರೂ ಅದು ಗರಿಗರಿಯಾಗಿಯೇ ಇತ್ತು. ಕೇದಾರನಿಗೆ ವಿಜ್ಞಾನ ಉಕ್ಕಿ ಬಂತು. ಗೋಡೆಯ ಉದ್ದಕ್ಕೂ ಬಟ್ಟೆಯ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ರೊಟ್ಟಿಗಳನ್ನು ಸಾಲಾಗಿ ನೇತುಹಾಕಿದ. ದಿನಾ ಬೆಳಿಗ್ಗೆ ಹೊಸ ರೊಟ್ಟಿ ಹಾಕುವುದು, ಸಂಜೆ ಬಗ್ಗಿಸಿ ನೋಡುವುದು, ಬಗ್ಗಿದರೆ ಗೋಡೆ ಹಸಿ, ಪಟ್ ಎಂದು ಮುರಿದರೆ ಒಣಗಿದೆ ಎಂದು ಅವನ ಲೆಕ್ಕ.

ಅದೇ ಹೊತ್ತಿಗೆ ಸರಿಯಾಗಿ ಮುನಿಗಂಗಮ್ಮ ಪೇಂಟರನ್ನು ಕರೆದುಕೊಂಡು ಒಳಗೆ ಬಂದರು. ಹಗ್ಗದಲ್ಲಿ ತೂಗಾಡುವ ರೊಟ್ಟಿಗಳನ್ನು ಕಂಡು ಹೊಸ್ತಿಲಲ್ಲೇ ನಿಂತರು.

"ಏನಮ್ಮ ಇದು?"

ಗೋಡೆಯ ಹಸಿ ನೋಡಲು ಅಂದರೆ, ಹಸಿಯಿದ್ದರೆ ನಿನಗೇನು ಅನ್ನುತ್ತಾರೆ. ನನಗೇನು ಎಂದು ಹೇಳಲು ಹೊರಟರೆ ಉಬ್ಬಸ ಹೊರಗೆ ಬರುತ್ತದೆ. ನನ್ನ ನಾಲಿಗೆ ನನ್ನನ್ನು ಕೇಳದೆಯೇ, "ಹರಕೆ ಅಜ್ಜಿ" ಅಂದಿತು.

"ಯಾವ್ ದೇವ್ರಿಗೆ?"

"ನಮ್ಮ ಕಡೆ ದೇವರಿಗೆ."

"ಎಷ್ಟ್ ದಿವ್ಸ ಹಿಂಗೇ ನೇತಾಡ್ತವೆ?"

"ರೊಟ್ಟಿ ಮುರಿಯೋವರೆಗೂ. ಅಲ್ಲೀವರೆಗೂ ಗೋಡೆ ಮುಟ್ಟೋ ಹಾಗಿಲ್ಲ."

ಪೇಂಟರನ ಹೆಸರು ಭೀಮು, ಯಾದಗಿರಿ ಕಡೆಯವನು. ರೊಟ್ಟಿಯನ್ನೂ ನನ್ನನ್ನೂ ಒಂದು ಸಲ ನೋಡಿದ. ಇವನು ಹುಟ್ಟಿದಾಗಿನಿಂದ ಇದನ್ನೇ ತಿಂದು ಬೆಳೆದವನು, ನನ್ನ ಬಂಡವಾಳ ಈಗ ಬಯಲಾಯಿತು ಅಂದುಕೊಂಡೆ. ಆತ ಕೈಯಲ್ಲಿದ್ದ ಬ್ರಷ್ಷನ್ನು ಬೆನ್ನ ಹಿಂದೆ ಇಟ್ಟುಕೊಂಡು ತಲೆ ಬಾಗಿಸಿದ.

"ಹೌದ್ರಿ ಯಮ್ಮಾ, ಭಾಳ ನೇಮದ ಹರಕಿ ಇದು. ರೊಟ್ಟಿ ಮುರಿಯೋ ತನಾ ಗ್ವಾಡಿಗಿ ಬ್ರಷ್ ಮುಟ್ಟಸಂಗಿಲ್ಲ. ನಮ್ಮೂರಾಗ ಒಬ್ಬಾಂವ ಮುಟ್ಟಿಸಿದ್ದ."

"ಏನಾಯ್ತು ಅವ್ನಿಗೆ?"

"ಬ್ಯಾಡ್ ಬಿಡ್ರಿ. ಲಗ್ನದ ಮನಿ ಇದು."

ಮುನಿಗಂಗಮ್ಮ ರೊಟ್ಟಿಗಳಿಗೆ ದೂರದಿಂದಲೇ ಕೈ ಮುಗಿದು ಹೋದರು. ಭೀಮು ಮಾತ್ರ ಹೋಗಲಿಲ್ಲ. "ಹಸಿ ಗ್ವಾಡಿಗಿ ಬಣ್ಣ ಹಚ್ಚಿದ್ರ ಪೊರಿ ಏಳ್ತೈತ್ರಿ ಅಕ್ಕಾರ. ಬೈಸ್ಕೊಳ್ಳಾಂವ ನಾ" ಅಂದ. ಆಮೇಲೆ ಧ್ವನಿ ತಗ್ಗಿಸಿ, "ಶೇಂಗಾ ಹಿಂಡಿ ಏನರ ಐತೇನ್ರಿ ಮನ್ಯಾಗ?" ಅಂತ ಕೇಳಿದ. ಅಡುಗೆಮನೆಯಲ್ಲಿ ಕೂರಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಕೊಟ್ಟೆ. ನನ್ನ ದೇವರ ಮೊದಲ ಭಕ್ತ ಹೊಟ್ಟೆ ತುಂಬ ಪ್ರಸಾದ ತಿಂದು ಹೋದ.

ನನಗೆ ನನ್ನ ಬಗ್ಗೆಯೇ ಹೆಮ್ಮೆಯಾಯಿತು. ಆದರೆ ಗೋಡೆ ಒಣಗಲಿಲ್ಲ. ಬೆಳಿಗ್ಗೆ ಫ್ಯಾನು ಹಾಕಿ, ಕಿಟಕಿ ತೆರೆದಿಟ್ಟು ಆಫೀಸಿಗೆ ಹೋಗುತ್ತಿದ್ದೆವು. ಸಂಜೆ ಬಂದರೆ ಕಿಟಕಿ ತೆರೆದೇ ಇರುತ್ತಿತ್ತು, ಫ್ಯಾನು ತಿರುಗುತ್ತಲೇ ಇರುತ್ತಿತ್ತು, ಆದರೆ ರೊಟ್ಟಿ ನಿನ್ನೆಗಿಂತ ಮೆತ್ತಗೆ. ಒದ್ದೆ ಬಟ್ಟೆಯನ್ನೆಲ್ಲ ತಾರಸಿಗೆ ಸಾಗಿಸಿದೆ. ಅನ್ನ ಬೇಯಿಸುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಆವಿ ಹಾಲ್‌ಗೆ ಬಾರದ ಹಾಗೆ ನೋಡಿಕೊಂಡೆ. ಏನು ಮಾಡಿದರೂ ಅಷ್ಟೇ. ಕೇದಾರ್ ತಲೆ ಕೆರೆದುಕೊಂಡು, "ನಿಮ್ಮವ್ವ ಈ ಸಲ ರೊಟ್ಟಿ ಸರೀಗಿ ಸುಟ್ಟಿಲ್ಲ, ಅದಕ್ಕ ಹಿಂಗ ಆಗ್ಲಿಕ್ಕತ್ತಾವ" ಅಂದ.

ಗೋಡೆ ಹಾಳಾಗಿ ಹೋಗಲಿ, ನಮ್ಮವ್ವನ ರೊಟ್ಟಿಗೆ ಹೆಸರಿಡುತ್ತಾನಲ್ಲ ಎಂದು ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮವ್ವನ ರೊಟ್ಟಿ ನೇತಹಾಕಿದ್ರ ಹಗ್ಗನ ಹರೀತಿತ್ತು, ಅಷ್ಟು ದಪ್ಪ" ಅಂದೆ. ಆಮೇಲೆ ಇಬ್ಬರೂ ಮಾತು ಬಿಟ್ಟೆವು. ಮನೆಯಲ್ಲಿ ಒಣಗಿದ್ದು ನಮ್ಮ ಮಾತೊಂದೇ.

ಶನಿವಾರ ನನಗೆ ರಜೆ, ಮಗಳಿಗೆ ಅರ್ಧ ದಿನ ಸ್ಕೂಲು. ಬೆಳಿಗ್ಗೆ ಎದ್ದಾಗಲೇ ಅವಳು ಒಂದೆರಡು ಸಲ ಕೆಮ್ಮಿದ್ದಳು. ತಣ್ಣೀರು ಕುಡಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಸ್ಕೂಲಿಗೆ ಬಿಟ್ಟು, ಇಂದಿರಾನಗರದಲ್ಲಿ ಹೊಸ ಹಾಸಿಗೆ ನೋಡಲು ಹೋಗಿದ್ದೆ. ಮಧ್ಯದಲ್ಲೇ ಟೀಚರ್ ಫೋನ್ ಮಾಡಿ ಮಗು ತುಂಬಾ ಕೆಮ್ಮುತ್ತಿದೆ ಅಂದರು. ಆಟೋದಲ್ಲಿ ಅವಳ ಎದೆಯಿಂದ ಸಣ್ಣಗೆ ಸಿಳ್ಳೆಯ ಸದ್ದು ಕೇಳಿಸುತ್ತಿತ್ತು. ಅಲ್ಲೇ ಒಂದು ಸಲ ಇನ್ಹೇಲರ್ ಕೊಟ್ಟೆ.

ಮನೆಯ ಬಾಗಿಲಿಗೆ ಬೀಗ ಇರಲಿಲ್ಲ. ಒಳಗೆ ಕಾಲಿಟ್ಟರೆ ಕಿಟಕಿಗಳೆಲ್ಲ ಮುಚ್ಚಿದ್ದವು, ಫ್ಯಾನು ನಿಂತಿತ್ತು. ಗೋಡೆಯ ಮುಂದೆ ದೀಪ ಉರಿಯುತ್ತಿತ್ತು. ಒಂದೊಂದು ರೊಟ್ಟಿಗೂ ಕುಂಕುಮದ ಬೊಟ್ಟು. ಮುನಿಗಂಗಮ್ಮ ತಂಬಿಗೆಯ ಅರಿಶಿನದ ನೀರಿಗೆ ಮಾವಿನ ಸೊಪ್ಪು ಅದ್ದಿ ಅದ್ದಿ ಗೋಡೆಗೆ ಧಾರಾಳವಾಗಿ ಎರಚುತ್ತಿದ್ದರು. ಓನರ್ ಹತ್ತಿರ ಇನ್ನೊಂದು ಬೀಗದಕೈ ಇರುತ್ತದೆ ಎಂಬುದು ನನಗೆ ಆಗ ನೆನಪಾಯಿತು.

"ಹರಕೆ ಬೇಗ ತೀರ್ಲಿ ಅಂತ ದಿನಾ ನಾನೂ ಮಾಡ್ತಿದೀನಮ್ಮ" ಅಂದರು, ಸಿಕ್ಕಿಬಿದ್ದ ಅಳುಕೇನೂ ಇಲ್ಲದೆ. "ಫ್ಯಾನ್ ಹಾಕಿದ್ರೆ ದೀಪ ನಿಲ್ಲಾಕಿಲ್ಲ. ಕಿಟ್ಕಿ ತೆಗ್ದಿದ್ರೆ ಬೀದಿ ಕಣ್ಣೆಲ್ಲ ದೇವ್ರ ಮೇಲೆ. ಸಂಜೆ ನೀನು ಬರೋಷ್ಟ್ರಲ್ಲಿ ಎಲ್ಲಾ ಮೊದ್ಲಿದ್ದಂಗೇ ಮಾಡಿ ಹೋಗ್ತಿದ್ದೆ. ದಿನಾ ಬರೀ ನೀರು, ನಾಳೆ ಅವ್ರು ಬರ್ತಾರಲ್ಲ ಅಂತ ಇವತ್ತು ಅರಿಶಿನ ಕುಂಕುಮ."

ನನ್ನ ಕಣ್ಣು ಮೂಲೆಯ ಮೇಲಿತ್ತು. ಅರಿಶಿನದ ಕಲೆಯ ಕೆಳಗೆ, ನೆಲಕ್ಕೆ ತಾಗಿದಂತೆ, ಬೂದು ಬಣ್ಣದ ಬೂಷ್ಟು ನವಿರಾಗಿ ಎದ್ದಿತ್ತು. ರಶ್ಮಿ ಬಾಗಿ ಕೆಮ್ಮತೊಡಗಿದಳು. ಅವಳನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ಬ್ಯಾಗಿನಿಂದ ಮತ್ತೆ ಇನ್ಹೇಲರ್ ತೆಗೆದು ಬಾಯಿಗಿಟ್ಟು ಒತ್ತಿದೆ. ಅವಳು ಉಸಿರೆಳೆದಳು, ಹಿಡಿದಳು, ಬಿಟ್ಟಳು. ಮುನಿಗಂಗಮ್ಮ ತಂಬಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮೊದಲು ಮಾತಾಡಿದವಳು ರಶ್ಮಿ. "ಗೋಡೆ ಒದ್ದೆಯಾದ್ರೆ ನಂಗೆ ಉಸಿರಾಡಕ್ಕಾಗಲ್ಲ ಅಜ್ಜಿ. ಆದ್ರೆ ಅದನ್ನ ನಿಮಗೆ ಹೇಳ್ಬಾರ್ದಂತೆ."

ಮುನಿಗಂಗಮ್ಮನವರ ಜೊತೆ ಮಾತಾಡುವಾಗ ನನ್ನ ನಾಲಿಗೆ ಬೆಂಗಳೂರಿನದಾಗಿರುತ್ತದೆ. ಹೆದರಿದಾಗ ಅದು ನೇರ ಬಾಗಲಕೋಟೆಗೆ ಓಡುತ್ತದೆ. "ಹರಕೀನೂ ಇಲ್ಲ, ದೇವರೂ ಇಲ್ಲ ಅಜ್ಜಿ. ಗ್ವಾಡಿ ಒಣಗೇತೋ ಇಲ್ಲೋ ನೋಡಲಿಕ್ಕೆ ರೊಟ್ಟಿ ಕಟ್ಟಿದ್ವಿ. ಒಣಗೂಕಿಂತ ಮೊದ್ಲ ನೀವು ಬಣ್ಣ ಹಚ್ಚಿದ್ರ ನನ್ನ ಮಗಳಿಗೆ ತ್ರಾಸ ಆಗ್ತದ. ಅದಕ್ಕ ಸುಳ್ಳು ಹೇಳ್ದೆ."

ಅವರು ಒಂದು ಸಲ ತಂಬಿಗೆ ನೋಡಿದರು, ಒಂದು ಸಲ ಗೋಡೆ ನೋಡಿದರು. "ಹಂಗಾರೆ ನಾನು ಒಪ್ಪತ್ತು ಇದ್ದು ಪೂಜೆ ಮಾಡಿದ್ದು ಯಾರ್ಗೆ?"

"ರೊಟ್ಟಿಗೆ" ಅಂದೆ. ಬೇರೆ ಏನು ಹೇಳಲಿ.

ತಂಬಿಗೆಯನ್ನು ಅಲ್ಲೇ ಕುಕ್ಕಿ ಮೇಲೆ ಹೋದರು. ನಾನು ದೀಪ ಆರಿಸಿ, ಕಿಟಕಿ ತೆರೆದು, ಮಗಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ಮನೆ ಖಾಲಿ ಮಾಡಿ ಅನ್ನುತ್ತಾರೆ, ಮತ್ತೆ ಮನೆ ಹುಡುಕಬೇಕು, ಮತ್ತೆ ಅದೇ ಮುಖಗಳು. ಅವರ ತಪ್ಪು ಅನ್ನುವುದಕ್ಕೂ ಬಾಯಿ ಬರಲಿಲ್ಲ. ನೀರು ಹಾಕಿದ್ದು ಅವರಾದರೂ ಹಾಕಿಸಿದ್ದು ನನ್ನ ಹರಕೆ. ಅಲ್ಲೇ ಕೂತು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಭೀಮು ಬಂದ, ಹಿಂದೆಯೇ ಅವನನ್ನು ಕರೆಸಿದ ಮುನಿಗಂಗಮ್ಮ. ಅವರು ನನ್ನನ್ನು ಕೇಳದೆಯೇ ರಶ್ಮಿಯನ್ನು ಎತ್ತಿಕೊಂಡು, "ಇವ್ಳು ಮೇಲಿರ್ಲಿ" ಅಂದು ತಮ್ಮ ಕೋಣೆಯಲ್ಲಿ ಮಲಗಿಸಿ ಬಂದರು. ಬರುವಾಗ ಮೇಲಿದ್ದ ಟೇಬಲ್ ಫ್ಯಾನು ಅವರ ಕಂಕುಳಲ್ಲಿತ್ತು. ಭೀಮು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಷ್ಟನ್ನು ಸೋಪಿನ ನೀರಿನ ಅರಿವೆಯಿಂದ ಒರೆಸಿ, ನೆನೆದ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆರೆದು, ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ಅವನು ಉಳಿ ಹಾಕಿದಾಗಲೆಲ್ಲ ಮುನಿಗಂಗಮ್ಮ ಕಣ್ಣು ಮುಚ್ಚುತ್ತಿದ್ದರು, ಆದರೆ ನಿಲ್ಲಿಸು ಅನ್ನಲಿಲ್ಲ. ನನ್ನ ಜೊತೆ ಮಾತ್ರ ಮಾತಿಲ್ಲ. ಸಂಜೆ ಬಂದ ಕೇದಾರ್ ವಿಷಯ ತಿಳಿದು, "ಅಂದ್ರ ನಿಮ್ಮವ್ವನ ರೊಟ್ಟಿದು ತಪ್ಪಿರಲಿಲ್ಲ" ಅಂದ. ಇದೇ ಕ್ಷಮಾಪಣೆ ಎಂದು ತಿಳಿದು ನಾನು ಅವನಿಗೆ ಚಹಾ ಕೊಟ್ಟೆ.

ಭಾನುವಾರ ಹುಡುಗಿಯ ಕಡೆಯವರು ಬಂದರು. ಮೇಲಿನ ಮನೆ ನೋಡಿಯಾದ ಮೇಲೆ ಕೆಳಗೂ ನೋಡೋಣ ಅಂದರು. ನಮ್ಮ ಹಾಲ್ ನೋಡುವ ಹಾಗಿರಲಿಲ್ಲ. ಮೊಳಕಾಲೆತ್ತರಕ್ಕೆ ಬರೀ ಇಟ್ಟಿಗೆ, ಎರಡೂ ಕಡೆಯಿಂದ ಫ್ಯಾನು, ನಟ್ಟನಡುವೆ ಬೀರು, ಹಗ್ಗದಲ್ಲಿ ಹಾರಾಡುವ ರೊಟ್ಟಿ. ಹುಡುಗಿಯ ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟರು.

"ಇದೇನ್ರೀ, ಗೋಡೆ ಹಿಂಗಿದೆ?"

ನಾನು ನೆಲ ನೋಡಿದೆ. ಪೈಪು ಒಡೆದ ವಿಷಯ ಹೇಳಿದರೆ ಅವರ ಮನೆಯ ಮಾನ ಹೋಗುತ್ತದೆ, ಮಗುವಿನ ವಿಷಯ ಹೇಳಿದರೆ ನಮ್ಮದು. ಮುನಿಗಂಗಮ್ಮ ಸೆರಗು ಹೊದ್ದು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು.

"ಹರಕೆ" ಅಂದರು.

"ಯಾವ್ ದೇವ್ರದ್ದು?"

"ಬಾಗಲಕೋಟೆ ಕಡೆ ದೇವ್ರು. ಬಲು ಖಡಕ್ಕು. ಗಾಳಿ ಅಂದ್ರೆ ಪ್ರಾಣ ಆ ದೇವ್ರಿಗೆ. ಕಿಟ್ಕಿ ಮುಚ್ಚಂಗಿಲ್ಲ, ಫ್ಯಾನ್ ಆರಿಸಂಗಿಲ್ಲ, ಒಂದ್ ತೊಟ್ಟು ನೀರ್ ತಾಕಿಸಂಗಿಲ್ಲ."

ಕೊನೆಯ ಮಾತು ಹೇಳುವಾಗ ನನ್ನ ಕಡೆ ಓರೆಗಣ್ಣಿನಿಂದ ನೋಡಿದರು. ದೊಡ್ಡಮ್ಮ ತಲೆಯಲ್ಲಿದ್ದ ಮಲ್ಲಿಗೆಯನ್ನು ಸ್ವಲ್ಪ ಹರಿದು ಕ್ಲಿಪ್ಪಿಗೆ ಸಿಕ್ಕಿಸಿ ಕೈ ಮುಗಿದರು. ಮದುವೆಯ ಹುಡುಗಿ ಭವ್ಯ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ನಮ್ ಪೀಜೀಲಿ ಹುಬ್ಬಳ್ಳಿ ಹುಡ್ಗೀರು ಈ ದೇವ್ರನ್ನ ಚಟ್ನಿ ಜೊತೆ ತಿಂತಾರೆ" ಎಂದು ಪಿಸುಗುಟ್ಟಿದಳು. ಇವಳು ಈ ಮನೆಗೆ ಸೊಸೆಯಾಗಿ ಬಂದರೆ ಮುನಿಗಂಗಮ್ಮನವರಿಗೆ ತಕ್ಕ ಜೋಡಿ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಮುನಿಗಂಗಮ್ಮ ಮತ್ತೆ ಕೆಳಗೆ ಬಂದು, ಹಾಲ್‌ನ ನಡುವೆ ಎಳೆದಿಟ್ಟಿದ್ದ ಸೋಫಾದ ಮೇಲೆ ಕೂತರು. ಶಾಸ್ತ್ರ ಸುಸೂತ್ರವಾಗಿ ಮುಗಿದಿತ್ತು. ಮೇಲೆ ಅವರ ಕೋಣೆಯಲ್ಲಿ ರಶ್ಮಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ಈಗಷ್ಟೇ ಹೋಗಿ ಅವಳ ಎದೆಗೆ ಕಿವಿಯಿಟ್ಟು ಬಂದಿದ್ದೆ, ಸಿಳ್ಳೆ ಇರಲಿಲ್ಲ.

"ಮಗೀಗೆ ಉಬ್ಬಸ ಅಂತ ಮೊದ್ಲೇ ಹೇಳಾಕ್ ಏನಾಗಿತ್ತು ನಿಂಗೆ?" ಅಂದರು.

"ಹೇಳಿದ್ರೆ ಮನೆ ಕೊಡ್ತಿದ್ರಾ ಅಜ್ಜಿ?"

ಕೊಡ್ತಿದ್ದೆ ಅನ್ನಲು ಬಾಯಿ ತೆರೆದದ್ದು ನನಗೆ ಕಾಣಿಸಿತು. ಹಾಗೇ ಮುಚ್ಚಿಕೊಂಡರು.

"ಇಲ್ಲ ಕಣಮ್ಮ" ಅಂದರು. "ಕೊಡ್ತಿರ್ಲಿಲ್ಲ."

ನನಗೆ ನೋವಾಯಿತು. ಆದರೂ ಇಷ್ಟು ದಿನ ಎದೆಯಲ್ಲಿ ಕಟ್ಟಿಕೊಂಡಿದ್ದ ಹೆದರಿಕೆ ಆ ಮಾತಿಗೆ ಇಳಿದುಹೋಯಿತು. ಅವರ ಪಕ್ಕದಲ್ಲಿ ಕೂತೆ.

ಅವರು ಮೊಳಕಾಲು ಹಿಡಿದುಕೊಂಡು ಎದ್ದರು. "ಆ ಬೀರು ಇನ್ನೊಂಚೂರು ಈಚೆಗ್ ಬರ್ಬೇಕು. ಹಿಂದುಗಡೆ ಗಾಳಿ ಆಡೋದ್ ಬ್ಯಾಡ್ವಾ? ಮಗು ಇಲ್ಲೇ ಮಲಗ್ಬೇಕಲ್ಲ" ಅಂದು ಬೀರುವಿನ ಒಂದು ತುದಿಗೆ ಹೆಗಲು ಕೊಟ್ಟರು. ನಾನು ಎದ್ದು ಇನ್ನೊಂದು ತುದಿ ಹಿಡಿದೆ.